ಒಂದು ಗಂಟೆ ನಡಿಗೆ, ಒಂದು ಮಸಾಲೆ ದೋಸೆ: ತೂಕ ಇಳಿಸುವವರ ಲೆಕ್ಕ ತಪ್ಪುವುದೆಲ್ಲಿ?

ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಆರು ಗಂಟೆಗೆ ಒಳಗೆ ಹೋದವರು ಏಳೂಕಾಲಿಗೆ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಾರೆ. ಅವರಲ್ಲಿ ಒಂದಷ್ಟು ಜನ ಮನೆಗೆ ಹೋಗುವುದಿಲ್ಲ, ನೇರ ದೋಸೆ ಹೋಟೆಲಿಗೆ ಹೋಗುತ್ತಾರೆ. ನಾನೂ ಆ ಗುಂಪಿನವನೇ. "ಇಷ್ಟು ನಡೆದಿದ್ದೀವಲ್ಲ, ಒಂದು ಮಸಾಲೆ ತಿಂದರೆ ಏನಾಗುತ್ತೆ?" ಅಂತ ಎರಡು ವರ್ಷ ನಡೆದೆ, ಎರಡು ವರ್ಷ ತಿಂದೆ. ತೂಕ ಇಳಿಯುವುದಿರಲಿ, ಎರಡು ಕಿಲೋ ಏರಿತು.

ಏನಾಗುತ್ತೆ ಅನ್ನುವ ಆ ಪ್ರಶ್ನೆಗೆ ಉತ್ತರ ಇದೆ. ಲೆಕ್ಕ ಹಾಕಿ ನೋಡೋಣ.

ಆಹಾರದ ಕ್ಯಾಲೊರಿ ಅಂದರೆ ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಕ್ತಿ. ವಿಜ್ಞಾನದ ಪುಸ್ತಕದಲ್ಲಿ ಇದನ್ನೇ ಕಿಲೋಕ್ಯಾಲೊರಿ ಅನ್ನುತ್ತಾರೆ. 75 ಕಿಲೋ ತೂಕದ ಒಬ್ಬರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಸುಮಾರು 260 ಕ್ಯಾಲೊರಿ ಖರ್ಚಾಗುತ್ತದೆ. ಆದರೆ ಅದೇ ಒಂದು ಗಂಟೆ ಮನೆಯಲ್ಲಿ ಸುಮ್ನೆ ಪೇಪರ್ ಓದುತ್ತಾ ಕೂತಿದ್ದರೂ 75 ಕ್ಯಾಲೊರಿ ಹೋಗುತ್ತಿತ್ತು. ಅದನ್ನು ಕಳೆದರೆ ನಡಿಗೆಯಿಂದ ನಿಜವಾಗಿ ಬಂದ ಲಾಭ 185. ಹೋಟೆಲಿನ ಮಸಾಲೆ ದೋಸೆ ಒಂದಕ್ಕೆ, ಕಾವಲಿ ಮೇಲೆ ಎಷ್ಟು ಎಣ್ಣೆ ಬಿತ್ತು ಅನ್ನುವುದರ ಮೇಲೆ, 350ರಿಂದ 450 ಕ್ಯಾಲೊರಿ. ಬೆಣ್ಣೆ ದೋಸೆ ಆದರೆ ಇನ್ನೂ ಜಾಸ್ತಿ. ಅದರ ಮೇಲೊಂದು ಕಾಫಿ. ನಡೆದದ್ದು ಒಂದು ಗಂಟೆ, ತಿಂದದ್ದು ಎರಡೂವರೆ ಗಂಟೆಯ ನಡಿಗೆ.

ಹಾಗಂತ ನಡಿಗೆ ದಂಡ ಅಂತ ನಾನು ಹೇಳುತ್ತಿಲ್ಲ. ಊಟ ಮತ್ತು ವ್ಯಾಯಾಮವನ್ನು ಒಂದೇ ಖಾತೆಯಲ್ಲಿ ಜಮಾ-ಖರ್ಚು ಬರೆಯುತ್ತೇವಲ್ಲ, ಎಡವಟ್ಟಾಗುವುದು ಅಲ್ಲೇ. ತೂಕ ಇಳಿಸುವ ಕೆಲಸದ ಬಹುಪಾಲು ತಟ್ಟೆಯಲ್ಲಿ ನಡೆಯುತ್ತದೆ. ವ್ಯಾಯಾಮ ಮಾಡುವ ಕೆಲಸವೇ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಗಂಡ ಇಳಿದ, ಹೆಂಡತಿ ಇಳಿಯಲಿಲ್ಲ

ದಿನಕ್ಕೆ ನಮ್ಮ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಾವು ಏನೂ ಮಾಡದೆ ಮಲಗಿದ್ದರೂ ಹೋಗುತ್ತದೆ. ಹೃದಯ ಬಡಿಯಬೇಕು, ಉಸಿರಾಡಬೇಕು, ಮೆದುಳು, ಯಕೃತ್ತು, ಮೂತ್ರಪಿಂಡ ಎಲ್ಲ ನಡೆಯಬೇಕು. ಇನ್ನು ಹತ್ತರಲ್ಲಿ ಒಂದು ಪಾಲು ತಿಂದದ್ದನ್ನು ಜೀರ್ಣಿಸಲು ಬೇಕು. ಮಿಕ್ಕದ್ದರಲ್ಲಿ ಓಡಾಟ, ಮನೆಕೆಲಸ, ಮೆಟ್ಟಿಲು, ಜಿಮ್ಮು ಎಲ್ಲ ಸೇರಿ.

ಮಲಗಿದ್ದಾಗಿನ ಈ ಖರ್ಚನ್ನು ಅಂದಾಜು ಮಾಡಲು 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರವನ್ನು ಈಗ ಜಾಸ್ತಿ ಬಳಸುತ್ತಾರೆ. ತೂಕವನ್ನು (ಕಿಲೋದಲ್ಲಿ) 10ರಿಂದ ಗುಣಿಸಿ. ಎತ್ತರವನ್ನು (ಸೆಂಟಿಮೀಟರಿನಲ್ಲಿ) 6.25ರಿಂದ ಗುಣಿಸಿ. ಎರಡನ್ನೂ ಕೂಡಿ. ಅದರಿಂದ ವಯಸ್ಸಿನ ಐದು ಪಟ್ಟನ್ನು ಕಳೆಯಿರಿ. ಗಂಡಸಾದರೆ 5 ಕೂಡಿ, ಹೆಂಗಸಾದರೆ 161 ಕಳೆಯಿರಿ. ಕುರ್ಚಿ ಕೆಲಸ ಮಾಡುವವರಾದರೆ ಬಂದ ಸಂಖ್ಯೆಯನ್ನು 1.3 ಅಥವಾ 1.4ರಿಂದ ಗುಣಿಸಿದರೆ ಇಡೀ ದಿನದ ಖರ್ಚಿನ ಅಂದಾಜು ಸಿಗುತ್ತದೆ.

ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ. ಗಂಡನಿಗೆ 40 ವರ್ಷ, ಎತ್ತರ 165 ಸೆಂಟಿಮೀಟರ್, ತೂಕ 75 ಕಿಲೋ. ಹೆಂಡತಿಗೂ 40, ಎತ್ತರ 155, ತೂಕ 65. ಸೂತ್ರದ ಪ್ರಕಾರ ಮಲಗಿದ್ದಾಗಿನ ಖರ್ಚು ಅವನಿಗೆ 1,586, ಅವಳಿಗೆ 1,258. ಇದನ್ನು 1.35ರಿಂದ ಗುಣಿಸಿದರೆ ಅವನಿಗೆ ದಿನಕ್ಕೆ ಸುಮಾರು 2,140, ಅವಳಿಗೆ ಸುಮಾರು 1,700.

ಈಗ ಇಬ್ಬರೂ ಹೊಸ ವರ್ಷಕ್ಕೆ ಒಟ್ಟಿಗೆ ಡಯಟ್ ಶುರು ಮಾಡಿದರು ಅನ್ನಿ. ಒಂದೇ ಅಡುಗೆ, ಒಂದೇ ಅಳತೆ, ಇಬ್ಬರಿಗೂ 1,700 ಕ್ಯಾಲೊರಿ. ತಿಂಗಳ ಕೊನೆಗೆ ಗಂಡ ಒಂದೂಮುಕ್ಕಾಲು ಕಿಲೋದಷ್ಟು ಇಳಿದಿರುತ್ತಾನೆ. ಹೆಂಡತಿ ಎಲ್ಲಿದ್ದಳೋ ಅಲ್ಲೇ. "ನೀನು ಕದ್ದು ತಿಂತೀಯ" ಅಂತ ಅವನು ತಮಾಷೆ ಮಾಡುತ್ತಾನೆ. ಅವಳು ಒಂದು ಚೂರೂ ಕದ್ದು ತಿಂದಿರುವುದಿಲ್ಲ. ಇಬ್ಬರ ನಡುವಿನ ವ್ಯತ್ಯಾಸ ದಿನಕ್ಕೆ 440 ಕ್ಯಾಲೊರಿ, ಅಂದರೆ ಹೆಚ್ಚುಕಡಿಮೆ ಒಂದು ಮಸಾಲೆ ದೋಸೆ. ಅವಳ ತಟ್ಟೆ ಅವನದಕ್ಕಿಂತ ಅಷ್ಟು ಚಿಕ್ಕದಿರಬೇಕು. ಇದು ಅನ್ಯಾಯವೇ, ಆದರೆ ದೇಹದ ಗಾತ್ರದ ಲೆಕ್ಕ ಇರುವುದೇ ಹೀಗೆ.

ಇಲ್ಲಿ ವಯಸ್ಸಿನ ಬಗ್ಗೆ ಒಂದು ಮಾತು. "ಮೂವತ್ತು ದಾಟಿದ ಮೇಲೆ ಮೆಟಬಾಲಿಸಂ ಕುಸಿಯುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಮೆಟಬಾಲಿಸಂ ಅಂದರೆ ದೇಹ ಶಕ್ತಿ ಖರ್ಚು ಮಾಡುವ ವೇಗ. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟು ಮಾಡಿ ನೋಡಿದಾಗ, ದೇಹದ ಗಾತ್ರದ ವ್ಯತ್ಯಾಸ ತೆಗೆದರೆ 20ರಿಂದ 60ರವರೆಗೆ ಅದು ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ ಅಂತ ತಿಳಿಯಿತು. ನಲವತ್ತರಲ್ಲಿ ಹೊಟ್ಟೆ ಬರುವುದಕ್ಕೆ ಮೆಟಬಾಲಿಸಂ ಒಂದನ್ನೇ ಬೈದು ಪ್ರಯೋಜನವಿಲ್ಲ. ಕುರ್ಚಿ, ಕಾರು ಮತ್ತು ಸಂಜೆಯ ಬಜ್ಜಿಯನ್ನೂ ವಿಚಾರಿಸಬೇಕು.

ವಾಚು, ಆ್ಯಪ್ ಮತ್ತು ಎಣ್ಣೆ ಡಬ್ಬಿ

ಸರಿ, ಖರ್ಚು ಗೊತ್ತಾಯಿತು. ಇನ್ನು ತಿಂದದ್ದನ್ನು ಆ್ಯಪಿನಲ್ಲಿ ಬರೆದು, ನಡೆದದ್ದನ್ನು ವಾಚಿನಲ್ಲಿ ನೋಡಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಎರಡೂ ಕಡೆ ಅಳತೆಗೋಲು ಸೊಟ್ಟ.

2017ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಹೃದಯ ಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಹೇಳಿದವು. ಕ್ಯಾಲೊರಿ ಮಾತ್ರ ಯಾವುದೂ ಸರಿಯಾಗಿ ಹೇಳಲಿಲ್ಲ. ಇದ್ದುದರಲ್ಲಿ ಒಳ್ಳೆಯದು ಸರಾಸರಿ 27%ರಷ್ಟು ತಪ್ಪಿತು, ತೀರಾ ಕೆಟ್ಟದ್ದು 93%ರಷ್ಟು. ವಾಚು ತೋರಿಸುವ ಸಂಖ್ಯೆಯಲ್ಲಿ ಎಷ್ಟೋ ಸಲ ಸುಮ್ನೆ ಕೂತಿದ್ದರೂ ಹೋಗುತ್ತಿದ್ದ ಕ್ಯಾಲೊರಿಯೂ ಸೇರಿರುತ್ತದೆ. ಅದನ್ನು ನಂಬಿ "400 ಸುಟ್ಟಿದ್ದೀನಿ, 400 ತಿನ್ನಬಹುದು" ಅಂದುಕೊಂಡರೆ ಕಥೆ ಅಲ್ಲಿಗೇ ಮುಗಿಯಿತು.

ತಿನ್ನುವ ಕಡೆ ಇನ್ನೂ ಕಷ್ಟ. 1992ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ನಡೆಯಿತು. "ಎಷ್ಟು ಕಡಿಮೆ ತಿಂದರೂ ತೂಕ ಇಳಿಯಲ್ಲ" ಅನ್ನುವವರನ್ನೇ ಆರಿಸಿಕೊಂಡು ಅಳೆದರು. ಅವರ ಮೆಟಬಾಲಿಸಂ ಚೆನ್ನಾಗಿಯೇ ಇತ್ತು. ತಿಂದದ್ದನ್ನು ಅವರು ಸರಾಸರಿ 47% ಕಡಿಮೆ ಬರೆದಿದ್ದರು, ಮಾಡಿದ ಓಡಾಟವನ್ನು 51% ಜಾಸ್ತಿ ಬರೆದಿದ್ದರು. ಅವರು ಬೇಕೆಂದೇ ಸುಳ್ಳು ಬರೆದರು ಅಂತ ನನಗೆ ಅನ್ನಿಸುವುದಿಲ್ಲ. ಅಡುಗೆ ಮಾಡುತ್ತಾ ರುಚಿ ನೋಡಿದ್ದು, ಮಗು ಬಿಟ್ಟ ಅರ್ಧ ಚಪಾತಿ, ಆಫೀಸಿನಲ್ಲಿ ಯಾರದ್ದೋ ಹುಟ್ಟುಹಬ್ಬದ ಕೇಕು, ಇದನ್ನೆಲ್ಲ ನಾವು ಊಟ ಅಂತ ಎಣಿಸುವುದೇ ಇಲ್ಲ.

ನಮ್ಮ ಅಡುಗೆಯಲ್ಲಂತೂ ಆ್ಯಪಿಗೆ ಎಟುಕದ ಒಂದು ವಸ್ತು ಇದೆ. ಎಣ್ಣೆ. "ಬೀನ್ಸ್ ಪಲ್ಯ, ಒಂದು ಕಪ್" ಅಂತ ಬರೆಯುತ್ತೀರಿ. ಒಗ್ಗರಣೆಗೆ ಒಂದು ಚಮಚ ಬಿತ್ತೋ ಮೂರು ಬಿತ್ತೋ ಯಾರಿಗೆ ಗೊತ್ತು? ಒಂದು ದೊಡ್ಡ ಚಮಚ ಎಣ್ಣೆ ಅಂದರೆ 14 ಗ್ರಾಂ, 120 ಕ್ಯಾಲೊರಿಗಿಂತ ಸ್ವಲ್ಪ ಜಾಸ್ತಿ. ಬೀನ್ಸ್‌ನ ಕ್ಯಾಲೊರಿ ಅದರ ಮುಂದೆ ಲೆಕ್ಕಕ್ಕಿಲ್ಲ. ತುಪ್ಪವೂ ಅಷ್ಟೇ. ಆಲಿವ್ ಎಣ್ಣೆಯೂ ಅಷ್ಟೇ.

ಹಾಗಾಗಿ ನಾನು ತಟ್ಟೆ ಅಳೆಯುವುದನ್ನು ಬಿಟ್ಟು ಡಬ್ಬಿ ಅಳೆಯಲು ಶುರು ಮಾಡಿದೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಎಣ್ಣೆ ಖಾಲಿಯಾಗುತ್ತದೆ ಅನ್ನಿ. ತೂಕದಲ್ಲಿ ಅದು ನಾಲ್ಕೂವರೆ ಕಿಲೋ. ಒಬ್ಬರಿಗೆ ದಿನಕ್ಕೆ 38 ಗ್ರಾಂ, ಅಂದರೆ 340 ಕ್ಯಾಲೊರಿ ಬರೀ ಎಣ್ಣೆಯಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು ದಿನಕ್ಕೆ 20ರಿಂದ 30 ಗ್ರಾಂ. 25 ಗ್ರಾಂಗೆ ಇಳಿಸಿದರೆ ನಾಲ್ಕು ಜನಕ್ಕೆ ತಿಂಗಳಿಗೆ 3 ಕಿಲೋ ಸಾಕು, ಅಂದರೆ ಸುಮಾರು 3.3 ಲೀಟರ್. ಇಷ್ಟರಿಂದಲೇ ಪ್ರತಿಯೊಬ್ಬರಿಗೂ ದಿನಕ್ಕೆ 115 ಕ್ಯಾಲೊರಿ ಉಳಿಯುತ್ತದೆ. 75 ಕಿಲೋದವರಿಗೆ ಅದು ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತಿನ ನಡಿಗೆ. ಬೆವರಿಲ್ಲ, ಹಸಿವಿಲ್ಲ. ತೂಗಿ ಬರೆಯುವ ಕಷ್ಟವೂ ಇಲ್ಲ. ದಿನಸಿ ಚೀಟಿ ನೋಡಿದರೆ ಸಾಕು.

ಕಾಫಿಯದೂ ಹೀಗೇ. ಹಾಲು, ಎರಡು ಚಮಚ ಸಕ್ಕರೆ ಸೇರಿ ಲೋಟಕ್ಕೆ ನೂರರ ಹತ್ತಿರ. ದಿನಕ್ಕೆ ಮೂರು ಲೋಟ ಅಂದರೆ 300. ಸಕ್ಕರೆ ಬಿಟ್ಟರೆ ಸುಮಾರು 120 ಉಳಿಯುತ್ತದೆ. ಮೊದಲ ಹತ್ತು ದಿನ ಕಹಿ ಅನ್ನಿಸುತ್ತದೆ, ಆಮೇಲೆ ಸಕ್ಕರೆ ಹಾಕಿದ್ದೇ ಪಾಯಸದ ಹಾಗೆ ಅನ್ನಿಸುತ್ತದೆ.

ಮುದ್ದೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಮಂಡ್ಯದ ಕಡೆಯವರು ಬೈಯಬಾರದು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 356. ದೊಡ್ಡ ವ್ಯತ್ಯಾಸವೇನಲ್ಲ. "ಮುದ್ದೆ ತಿಂದರೆ ತೂಕ ಇಳಿಯುತ್ತೆ" ಅನ್ನುವುದು ಅರ್ಧ ಸತ್ಯ. ರಾಗಿಯಲ್ಲಿ ನಾರು ಅಕ್ಕಿಗಿಂತ ಮೂರು-ನಾಲ್ಕು ಪಟ್ಟು ಇದೆ, ಹೊಟ್ಟೆ ಬೇಗ ತುಂಬುತ್ತದೆ, ಜೊತೆಗೆ ಬರುವುದು ಸೊಪ್ಪಿನ ಸಾರು, ಬಸ್ಸಾರು. ಅದರ ಗುಟ್ಟು ಇದು. ಎರಡು ದೊಡ್ಡ ಮುದ್ದೆ ಇಳಿಸಿದರೆ ಗುಟ್ಟು ಕೆಲಸ ಮಾಡುವುದಿಲ್ಲ. ರಾತ್ರಿ ಅನ್ನ ಬಿಟ್ಟು ಎಣ್ಣೆ ಸವರಿದ ನಾಲ್ಕು ಚಪಾತಿ ತಿನ್ನುವವರಿಗೂ ಇದೇ ಮಾತು.

ಹಾಗಾದರೆ ನಡೆಯುವುದು ಯಾಕೆ?

ತಾಂಜಾನಿಯಾದಲ್ಲಿ ಹಾಡ್ಜಾ ಅನ್ನುವ ಬುಡಕಟ್ಟಿನ ಜನ ಇದ್ದಾರೆ. ಬೇಟೆ, ಜೇನು, ಗೆಡ್ಡೆ ಅವರ ಬದುಕು. ಗಂಡಸರು ದಿನಕ್ಕೆ ಸುಮಾರು 11 ಕಿಲೋಮೀಟರ್ ನಡೆಯುತ್ತಾರೆ. ಹರ್ಮನ್ ಪಾಂಟ್ಸರ್ ಮತ್ತು ಅವರ ತಂಡ ಈ ಜನರ ಶಕ್ತಿಯ ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿತು. ಒಂದು ವಿಶೇಷ ಬಗೆಯ ನೀರು ಕುಡಿಸಿ, ಕೆಲವು ದಿನ ಮೂತ್ರ ಪರೀಕ್ಷೆ ಮಾಡಿ ಅಳೆಯುವ ವಿಧಾನ ಅದು. ಅಮೆರಿಕ, ಯೂರೋಪಿನ ಆಫೀಸು ಜನರಿಗಿಂತ ಇವರ ಖರ್ಚು ತುಂಬಾ ಜಾಸ್ತಿ ಇರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ದೇಹದ ಗಾತ್ರ ಸರಿಹೊಂದಿಸಿ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ಬಂತು.

ದೇಹ ಜಾಣ. ಒಂದು ಕಡೆ ಖರ್ಚು ಜಾಸ್ತಿಯಾದರೆ ಇನ್ನೊಂದು ಕಡೆ ಉಳಿತಾಯ ಮಾಡುತ್ತದೆ. ಎಷ್ಟರ ಮಟ್ಟಿಗೆ ಅನ್ನುವುದರ ಬಗ್ಗೆ ವಿಜ್ಞಾನಿಗಳ ನಡುವೆ ಈಗಲೂ ವಾದ ಇದೆ. ಆದರೆ ನಮಗೂ ಇದರ ಅನುಭವ ಇದೆ. ಬೆಳಿಗ್ಗೆ ಜಿಮ್ಮಿಗೆ ಹೋದ ದಿನ ಸಂಜೆ ಸೋಫಾದಿಂದ ಏಳುವುದಿಲ್ಲ, ನೀರು ಬೇಕಾದರೂ ಮಕ್ಕಳನ್ನು ಕೂಗುತ್ತೇವೆ. ಅಲ್ವಾ?

ಇನ್ನೊಂದು ಅಧ್ಯಯನ ನಮ್ಮ ದೇಶದ್ದೇ. 1956ರಲ್ಲಿ ಝಾನ್ ಮೇಯರ್ ಮತ್ತು ಜೊತೆಗಾರರು ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ ಗಂಡಸರ ಊಟ, ತೂಕ, ಕೆಲಸ ಮೂರನ್ನೂ ಹೋಲಿಸಿದರು. ಭಾರ ಹೊರುವವರು ಜಾಸ್ತಿ ತಿನ್ನುತ್ತಿದ್ದರು, ಹಗುರ ಕೆಲಸದವರು ಕಡಿಮೆ. ಅದು ಸಹಜ. ಆಶ್ಚರ್ಯ ಇದ್ದದ್ದು ಅಂಗಡಿಯಲ್ಲಿ ಕೂತವರಲ್ಲಿ. ಕೂತಲ್ಲಿಂದ ಕದಲದ ಈ ಜನ ಹಗುರ ಕೆಲಸದವರಿಗಿಂತ ಜಾಸ್ತಿ, ಭಾರ ಹೊರುವವರ ಹತ್ತಿರ ಹತ್ತಿರ ತಿನ್ನುತ್ತಿದ್ದರು. ತೂಕವೂ ಅವರದೇ ಜಾಸ್ತಿ. ಅಂದರೆ ಸ್ವಲ್ಪವಾದರೂ ಓಡಾಟ ಇದ್ದರೆ ಹಸಿವು ಖರ್ಚಿಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಪೂರ್ತಿ ಕೂತುಬಿಟ್ಟರೆ ಹಸಿವಿಗೆ ಲಗಾಮು ಇರುವುದಿಲ್ಲ. ನಡಿಗೆಗೆ ನಾನು ಕೊಡುವ ಮೊದಲ ಕಾರಣ ಇದು.

ಎರಡನೆಯ ಕಾರಣ ಸ್ನಾಯು. ಬರೀ ಊಟ ಕಡಿಮೆ ಮಾಡಿ ಇಳಿಸಿದರೆ ಇಳಿದ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೊಬ್ಬಲ್ಲ, ಸ್ನಾಯು ಮತ್ತು ಅಂಥ ಅಂಗಾಂಶ. ಮುಖ ಬಾಡಿ, ಮೆಟ್ಟಿಲು ಹತ್ತಿದರೆ ಕಾಲು ನಡುಗುವ ಸ್ಥಿತಿ ಬರುವುದು ಇದರಿಂದ. ವಾರಕ್ಕೆ ಎರಡು ಸಲ ಭಾರ ಎತ್ತುವ ವ್ಯಾಯಾಮ ಮಾಡಿದರೆ, ಜೊತೆಗೆ ಪ್ರೋಟೀನು ಸಾಕಷ್ಟು ತಿಂದರೆ ಈ ನಷ್ಟ ಕಡಿಮೆಯಾಗುತ್ತದೆ. ಜಿಮ್ಮೇ ಬೇಕಂತಿಲ್ಲ. ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ನೀರಿನ ಕ್ಯಾನು ಎತ್ತುವುದು, ಶುರುವಿಗೆ ಇಷ್ಟು ಸಾಕು. ಪ್ರೋಟೀನು ಸಾಧಾರಣ ದಿನಗಳಲ್ಲಿ ಕಿಲೋ ತೂಕಕ್ಕೆ 0.83 ಗ್ರಾಂ ಬೇಕು. ತೂಕ ಇಳಿಸುವಾಗ 1.2ರ ಹತ್ತಿರ ಇದ್ದರೆ ಒಳ್ಳೆಯದು. ನಮ್ಮ ಸಸ್ಯಾಹಾರಿ ಊಟದಲ್ಲಿ ಇದು ತಾನಾಗಿ ಬರುವುದಿಲ್ಲ. ತಿಳಿಸಾರಿನಲ್ಲಿ ಬೇಳೆ ಹುಡುಕಬೇಕು! ಹುರುಳಿಕಾಳಿನ ಉಸಲಿ, ಹೆಸರುಬೇಳೆ ಕೋಸಂಬರಿ, ಗಟ್ಟಿ ಹುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಬೇಕೇ ಬೇಕು. ಪ್ರೋಟೀನನ್ನು ಜೀರ್ಣಿಸುವುದಕ್ಕೇ ಅದರ ಕ್ಯಾಲೊರಿಯಲ್ಲಿ 20ರಿಂದ 30% ಖರ್ಚಾಗುತ್ತದೆ. ಕೊಬ್ಬಿಗೆ 3% ಕೂಡ ದಾಟುವುದಿಲ್ಲ.

ಮೂರನೆಯದು, ಇಳಿದ ತೂಕ ವಾಪಸ್ ಬಾರದ ಹಾಗೆ ನೋಡಿಕೊಳ್ಳುವುದು. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಡುತ್ತಿದ್ದಾರೆ. ಸುಮಾರು 13 ಕಿಲೋ ಇಳಿಸಿ, ಕನಿಷ್ಠ ಒಂದು ವರ್ಷ ಅಲ್ಲೇ ಉಳಿದವರಿಗೆ ಮಾತ್ರ ಅದರಲ್ಲಿ ಜಾಗ. ಅವರಲ್ಲಿ ಬಹುಪಾಲು ಜನ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುವವರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆ, ಮನಸ್ಸಿನ ವಿಷಯ ಬೇರೆಯೇ ಇದೆ. ತೂಕ ಒಂದು ಗ್ರಾಂ ಇಳಿಯದಿದ್ದರೂ ನಡಿಗೆಯಿಂದ ಅಲ್ಲೆಲ್ಲ ಲಾಭ ಇದೆ.

ಎಷ್ಟು ಕಡಿಮೆ ಮಾಡಬೇಕು

ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ಇಳಿಯಬೇಕು. 1958ರಿಂದ ಈ ಲೆಕ್ಕ ಚಾಲ್ತಿಯಲ್ಲಿದೆ. ಶುರುವಿನ ತಿಂಗಳುಗಳಿಗೆ ಇದು ಪರವಾಗಿಲ್ಲ. ಆಮೇಲೆ ಕೈಕೊಡುತ್ತದೆ. ತೂಕ ಇಳಿದಂತೆ ದೇಹ ಚಿಕ್ಕದಾಗುತ್ತದೆ, ಚಿಕ್ಕ ದೇಹದ ಖರ್ಚೂ ಚಿಕ್ಕದು. ಕೆವಿನ್ ಹಾಲ್ ಮತ್ತು ಜೊತೆಗಾರರು 2011ರಲ್ಲಿ ಕೊಟ್ಟ ಅಂದಾಜು ನಿಜಕ್ಕೆ ಹತ್ತಿರ ಇದೆ. ದಿನಕ್ಕೆ 24 ಕ್ಯಾಲೊರಿ ಕಾಯಂ ಆಗಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕಿಲೋ ಇಳಿಯುತ್ತದೆ. ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, 95% ಮೂರು ವರ್ಷದಲ್ಲಿ. 240 ಕಡಿಮೆ ಮಾಡಿದವರು ವರ್ಷಕ್ಕೆ ಐದು ಕಿಲೋ ಇಳಿದು "ಡಯಟ್ ಕೆಲಸ ಮಾಡ್ತಿಲ್ಲ" ಅಂತ ಬಿಟ್ಟುಬಿಡುತ್ತಾರೆ. ಅದು ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ.

ಅವಸರ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಒಂದು ಟಿವಿ ಸ್ಪರ್ಧೆ ಸಾಕ್ಷಿ. ಕೆಲವೇ ತಿಂಗಳಲ್ಲಿ ಹತ್ತಾರು ಕಿಲೋ ಇಳಿಸಿದ 14 ಸ್ಪರ್ಧಿಗಳನ್ನು ಇದೇ ಹಾಲ್ ತಂಡ ಆರು ವರ್ಷದ ನಂತರ ಅಳೆಯಿತು. ಹೆಚ್ಚಿನವರ ತೂಕ ವಾಪಸ್ ಬಂದಿತ್ತು. ದೇಹದ ಖರ್ಚು ಮಾತ್ರ ವಾಪಸ್ ಬಂದಿರಲಿಲ್ಲ. ಅವರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿ ಕಡಿಮೆ ಇತ್ತು.

ಹಾಗಾಗಿ ನಮ್ಮ ಉದಾಹರಣೆಯ ಗಂಡ 400ರಷ್ಟು, ಹೆಂಡತಿ 250–300ರಷ್ಟು ತಟ್ಟೆಯಲ್ಲೇ ಕಡಿಮೆ ಮಾಡಲಿ. ನಡಿಗೆಯನ್ನು ಲೆಕ್ಕಕ್ಕೇ ಸೇರಿಸಬಾರದು. ವಾರಕ್ಕೆ 150ರಿಂದ 300 ನಿಮಿಷ ನಡೆಯಲಿ, ಆದರೆ ಅದಕ್ಕೆ ಪ್ರತಿಯಾಗಿ ಏನೂ ತಿನ್ನದಿರಲಿ. ನಡಿಗೆಯಿಂದ ಬಂದದ್ದು ಮೇಲುಸಂಪಾದನೆ. ನಾವು ಅಳತೆಯಲ್ಲಿ ಮಾಡುವ ತಪ್ಪುಗಳನ್ನೆಲ್ಲ ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ದಿನಕ್ಕೆ 1,200ಕ್ಕಿಂತ ಕೆಳಗೆ ಡಾಕ್ಟರ ಸಲಹೆಯಿಲ್ಲದೆ ಹೋಗಬೇಡಿ. ಬಸುರಿಯರು, ಹಾಲೂಡಿಸುವವರು ಈ ಲೆಕ್ಕದಿಂದ ದೂರ ಇರಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಔಷಧಿ ಅಷ್ಟೇ ಇದ್ದು ಊಟ ಇಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಶುರು ಮಾಡಿದ ಮೊದಲ ವಾರ ಎರಡು ಕಿಲೋ ಇಳಿದರೆ ಹಿಗ್ಗಬೇಡಿ. ದೇಹದಲ್ಲಿ ಸಕ್ಕರೆ ಗ್ಲೈಕೋಜನ್ ರೂಪದಲ್ಲಿ ಕೂಡಿರುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಮೊದಲು ಖಾಲಿಯಾಗುವುದು ಅದು. ಮದುವೆ ಊಟ ಮಾಡಿ ಬಂದ ಮರುದಿನ ಒಂದೂವರೆ ಕಿಲೋ ಏರಿದರೆ ಅಳಬೇಡಿ, ಅದರಲ್ಲೂ ಬಹುಪಾಲು ಉಪ್ಪು ಹಿಡಿದಿಟ್ಟ ನೀರು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ, ಏಳು ದಿನದ ಸರಾಸರಿ ತೆಗೆಯಿರಿ. ಹೋದ ವಾರದ ಸರಾಸರಿಗೂ ಈ ವಾರದ ಸರಾಸರಿಗೂ ಹೋಲಿಸಿ.

ತೂಕದ ಜೊತೆ ಸೊಂಟವನ್ನೂ ಅಳೆಯಿರಿ. ನಮಗೆ ಇದು ಯಾಕೆ ಮುಖ್ಯ ಅನ್ನುವುದಕ್ಕೆ ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮದೇ ಫೋಟೋ ಹಾಕಿ ತೋರಿಸಿದರು. ಅವರ ಮತ್ತು ಬ್ರಿಟನ್ನಿನ ಸ್ನೇಹಿತ ಜಾನ್ ಯುಡ್ಕಿನ್ ಅವರ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಎಷ್ಟಿದೆ ಅಂತ ಹೇಳುವ ಸಂಖ್ಯೆ) ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%. ತೆಳ್ಳಗೆ ಕಾಣುವ ನಮ್ಮವರ ಹೊಟ್ಟೆಯೊಳಗೂ ಕೊಬ್ಬು ಕೂತಿರುತ್ತದೆ. ಹಾಗಾಗಿ ಭಾರತೀಯರಿಗೆ ಬಿಎಂಐ 23 ದಾಟಿದರೇ ಹೆಚ್ಚು ತೂಕ ಅನ್ನುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗೆ ಇರಬೇಕು. ಭಾರ ಎತ್ತುವ ವ್ಯಾಯಾಮ ಮಾಡುವವರಲ್ಲಿ ತೂಕ ನಿಂತಿದ್ದರೂ ಟೇಪು ಒಳಗೆ ಹೋಗುತ್ತಿರುತ್ತದೆ.

ಮೂರು ವಾರ ಕಳೆದರೂ ಸರಾಸರಿ ಕದಲಲಿಲ್ಲ, ಟೇಪೂ ಕದಲಲಿಲ್ಲ ಅನ್ನಿ. ನಡಿಗೆ ಎರಡು ಗಂಟೆಗೆ ಏರಿಸುವ ಮೊದಲು ಎಣ್ಣೆ ಡಬ್ಬಿ ನೋಡಿ. ಆಮೇಲೆ ಕಾಫಿ ಲೋಟ ಎಣಿಸಿ. ಶನಿವಾರ-ಭಾನುವಾರ ಏನು ತಿಂದಿರಿ ಅಂತ ನೆನಪು ಮಾಡಿಕೊಳ್ಳಿ. ಐದು ದಿನ 300ರಂತೆ ಉಳಿಸಿದ 1,500 ಕ್ಯಾಲೊರಿ ಒಂದು ಬಫೆ ಊಟದಲ್ಲಿ, ಒಂದು ಸಂಜೆಯ ಚಾಟ್‌ನಲ್ಲಿ ಕರಗಿಹೋಗುತ್ತದೆ. ನನ್ನದು ಹೋಗುತ್ತಿದ್ದದ್ದು ಅಲ್ಲೇ. ಅದೆಲ್ಲ ಸರಿ ಇದ್ದೂ ತೂಕ ನಿಂತಲ್ಲೇ ನಿಂತಿದ್ದರೆ, ಸುಸ್ತು ಜಾಸ್ತಿ ಇದ್ದರೆ, ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.